ಹಳೆ ಕಾರುಗಳ ಪ್ರದರ್ಶನದಲ್ಲಿ ರೆಪ್ಲಿಕಾ ಸ್ಪೋರ್ಟ್ಸ್ ಕಾರಿನ ಫೋಟೊ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹಳೆ ವಾಹನಗಳ ಪ್ರದರ್ಶನ ಎಂದರೆ ಜನ ಮೊದಲು ಹುಡುಕುವುದು ವಿಲ್ಲಿಸ್ ಜೀಪು, ಮೋರಿಸ್ ಮೈನರ್, ಲ್ಯಾಂಡ್ ರೋವರ್‌ಗಳನ್ನು. ತೋಟದ ಮನೆಗಳ ಶೆಡ್ಡಿನಲ್ಲಿ ಅಜ್ಜನ ಕಾಲದಿಂದ ನಿಂತಿದ್ದವು ಅವತ್ತು ತೊಳೆದು ಒರೆಸಿಕೊಂಡು ಮೈದಾನಕ್ಕೆ ಬರುತ್ತವೆ. ಸಾಲಿನ ತುದಿಯಲ್ಲಿ ಕೆಲವೊಮ್ಮೆ ಒಂದು ರೆಪ್ಲಿಕಾ, ಅಂದರೆ ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ಕಟ್ಟಿದ ಸ್ಪೋರ್ಟ್ಸ್ ಕಾರು ಕೂಡ ನಿಂತಿರುತ್ತದೆ. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆಯುತ್ತಾರೆ, ಆದರೆ ಕಾರಿನ ಒಳ್ಳೆಯ ಫೋಟೊ ತೆಗೆಯುವವರು ಕಡಿಮೆ.

ನನ್ನ ಬಳಿ ಈ ಬಗ್ಗೆ ಕೇಳುವವರು ಹೆಚ್ಚಾದ್ದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಹೆಚ್ಚಿನ ಉದಾಹರಣೆಗಳು ಒಂದೇ ಕಾರಿನವು. ಸುಂಟಿಕೊಪ್ಪದ ಕಡೆಯ ಕಾಫಿ ಬೆಳೆಗಾರರೊಬ್ಬರು ತಮ್ಮ ಶೆಡ್ಡಿನಲ್ಲಿ ಆರು ವರ್ಷ ಕೂತು ಕಟ್ಟಿದ, ಲೋಟಸ್ ಸೆವೆನ್ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಎರಡು ಸೀಟಿನ ಕಾರು ಅದು. ಒಳಗಿರುವುದು ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್. ಆ ಕಾರನ್ನು ಎರಡು ಪ್ರದರ್ಶನಗಳಲ್ಲಿ, ಒಮ್ಮೆ ಅವರ ಕಾಫಿ ಕಣದಲ್ಲಿ ತೆಗೆದಿದ್ದೇನೆ.

ರೆಪ್ಲಿಕಾ ಎಂದರೆ ನಕಲಿ ತಾನೇ? ಅದರ ಫೋಟೊಗೆ ಇಷ್ಟೆಲ್ಲ ಶ್ರಮ ಯಾಕೆ?

ನಕಲಿ ನೋಟು ಚಲಾಯಿಸುವವನು ಅದು ನಕಲಿ ಎಂದು ಹೇಳುವುದಿಲ್ಲ. ರೆಪ್ಲಿಕಾ ಕಟ್ಟಿದವರು ಕೇಳದಿದ್ದರೂ ಹೇಳುತ್ತಾರೆ: "ಇದು ಅಸಲಿ ಅಲ್ಲ, ನಾನೇ ಮಾಡಿದ್ದು." ಆ "ನಾನೇ ಮಾಡಿದ್ದು" ಎಂಬ ಮಾತಿಗೆ ನನ್ನ ಲೆಕ್ಕದಲ್ಲಿ ಬಹಳ ತೂಕವಿದೆ. ಅಸಲಿ ಕಾರನ್ನು ಕಾರ್ಖಾನೆ ಮಾಡಿತು, ಮಾಲೀಕರು ಉಳಿಸಿಕೊಂಡರು. ಇಲ್ಲಿ ಮಾಲೀಕರೇ ಕಾರ್ಖಾನೆ.

ಲೋಟಸ್ ಸೆವೆನ್ ವಿಷಯದಲ್ಲಂತೂ ಈ ಪ್ರಶ್ನೆ ಇನ್ನಷ್ಟು ಸಡಿಲವಾಗುತ್ತದೆ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಈ ಕಾರನ್ನು ಬ್ರಿಟನ್ನಿನಲ್ಲಿ ಬಹಳ ಮಂದಿ ಬಿಡಿಭಾಗಗಳ ಕಿಟ್ ರೂಪದಲ್ಲೇ ಕೊಂಡರು. ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಬೀಳುತ್ತಿತ್ತು, ಕಿಟ್ಟಿಗೆ ಇರಲಿಲ್ಲ. ಜೋಡಿಸುವ ಕ್ರಮವನ್ನು ಬರೆದು ಕೊಡುವ ಹಾಗಿರಲಿಲ್ಲವಾದ್ದರಿಂದ ಬಿಚ್ಚುವ ಕ್ರಮವನ್ನು ಬರೆದುಕೊಟ್ಟರು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿ ಜೋಡಿಸಿದರು ಎಂಬ ಕಥೆ ಈ ಕಾರಿನ ಪ್ರಿಯರಲ್ಲಿ ಇಂದಿಗೂ ಓಡಾಡುತ್ತದೆ. 1972ರವರೆಗೆ ಲೋಟಸ್ ಅದನ್ನು ತಯಾರಿಸಿತು, 1973ರಲ್ಲಿ ಹಕ್ಕುಗಳನ್ನು ಕೇಟರ್‌ಹ್ಯಾಮ್ ಎಂಬ ಇನ್ನೊಂದು ಬ್ರಿಟಿಷ್ ಕಂಪನಿ ಕೊಂಡಿತು. ಅಂದರೆ ಎಷ್ಟೋ ಅಸಲಿ ಸೆವೆನ್‌ಗಳೇ ಯಾರದೋ ಮನೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕಟ್ಟಿದವು. ಸುಂಟಿಕೊಪ್ಪದ ಶೆಡ್ಡು ಆ ಪರಂಪರೆಯಿಂದ ದೂರವೇನಿಲ್ಲ.

ಹಾಗಾಗಿ ಫೋಟೊಗ್ರಾಫರನ ಕೆಲಸ ಕಾರನ್ನು ಅಸಲಿಯಂತೆ ತೋರಿಸುವುದಲ್ಲ, ಕಟ್ಟಿದವರ ಕೈಯನ್ನು ತೋರಿಸುವುದು. ಕೆಳಗಿನ ಉತ್ತರಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ.

ರೆಪ್ಲಿಕಾ, ಕಿಟ್ ಕಾರು, ಕಂಟಿನ್ಯುಯೇಷನ್: ಎಲ್ಲ ಒಂದೇನಾ?

ಅಲ್ಲ. ಹಳೆಯ ಕಾರಿನ ರೂಪವನ್ನು ಬೇರೆಯವರು ಹೊಸದಾಗಿ ಕಟ್ಟಿದರೆ ರೆಪ್ಲಿಕಾ. ಅದರ ಭಾಗಗಳು ಒಂದು ಕಂಪನಿಯಿಂದ ಸೆಟ್ಟಾಗಿ ಬಂದು ಮನೆಯಲ್ಲಿ ಜೋಡಿಸಿದರೆ ಕಿಟ್ ಕಾರು. ಮೂಲ ಕಂಪನಿಯೇ ವರ್ಷಗಳ ನಂತರ ಅದೇ ನಕ್ಷೆಯಲ್ಲಿ ಮತ್ತೆ ಮಾಡಿದರೆ ಕಂಟಿನ್ಯುಯೇಷನ್. ಜಾಗ್ವಾರ್ 1960ರ ದಶಕದಲ್ಲಿ ಹಗುರ ಮೈಯ ಇ-ಟೈಪ್ ರೇಸ್ ಕಾರುಗಳಿಗೆಂದು 18 ಚಾಸಿ ನಂಬರ್ ಮೀಸಲಿಟ್ಟು 12ನ್ನು ಮಾತ್ರ ಕಟ್ಟಿತ್ತು. ಉಳಿದ ಆರನ್ನು ಕಟ್ಟುವ ಕೆಲಸ ಶುರುವಾದದ್ದು 2014ರಲ್ಲಿ. ಅವನ್ನು ರೆಪ್ಲಿಕಾ ಎಂದರೆ ತಪ್ಪಾಗುತ್ತದೆ.

ಜಗತ್ತಿನಲ್ಲಿ ಅತಿ ಹೆಚ್ಚು ರೆಪ್ಲಿಕಾಗಳಾಗಿರುವ ಕಾರುಗಳ ಸಾಲಿನಲ್ಲಿ 1962ರಲ್ಲಿ ಹುಟ್ಟಿದ ಎಸಿ ಕೋಬ್ರಾ ಮುಂದಿದೆ. ಇಂಗ್ಲೆಂಡಿನ ಹಗುರ ಮೈಗೆ ಅಮೆರಿಕದ ಫೋರ್ಡ್ ವಿ8 ಎಂಜಿನ್ ಕೂರಿಸಿದ್ದು ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ. ಪೋರ್ಷೆ 356 ಸ್ಪೀಡ್‌ಸ್ಟರ್ ಇನ್ನೊಂದು. ಅದರ ರೆಪ್ಲಿಕಾಗಳು ಸಾಮಾನ್ಯವಾಗಿ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳವನ್ನು ಸುಮಾರು 300 ಮಿಲಿಮೀಟರ್ ಕತ್ತರಿಸಿ ಗಿಡ್ಡ ಮಾಡಿ, ಮೇಲೆ ಫೈಬರ್ ಮೈ ಕೂರಿಸಿದವು. ನಮ್ಮ ದೇಶದಲ್ಲೇ ತಯಾರಾದ ಚಿಂಕಾರ ರೋಡ್‌ಸ್ಟರ್ ಲೋಟಸ್ ಸೆವೆನ್‌ನ ರೂಪದ್ದು.

ನೋಡಿದ ತಕ್ಷಣ ಇದು ರೆಪ್ಲಿಕಾ ಎಂದು ಹೇಗೆ ತಿಳಿಯುವುದು?

ಮಾಲೀಕರನ್ನು ಕೇಳಿ. ಅದಕ್ಕಿಂತ ಸುಲಭದ ದಾರಿ ಇಲ್ಲ.

ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಬರುವವರನ್ನು ನೋಡಿದ್ದೇನೆ. ಫೈಬರಿಗೆ ಅಂಟುವುದಿಲ್ಲ, ಆದ್ದರಿಂದ ನಕಲಿ ಎನ್ನುವುದು ಅವರ ತರ್ಕ. ಆದರೆ ಕೋಬ್ರಾದಂಥ ಎಷ್ಟೋ ಅಸಲಿ ಸ್ಪೋರ್ಟ್ಸ್ ಕಾರುಗಳ ಮೈ ಅಲ್ಯೂಮಿನಿಯಂನದು, ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಪೇಂಟಿಗೆ ಗೀರು ಬೀಳುವುದಷ್ಟೇ ಲಾಭ. ಬೆರಳಿನಿಂದ ಬಡಿದು ನೋಡುವುದೂ ಬೇಡ.

ಕಣ್ಣಿಗೆ ಸಿಗುವ ಗುರುತುಗಳು ಬೇರೆ ಇವೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ: 2319 ಎಂದರೆ 2019ರ 23ನೇ ವಾರ. ಅಸಲಿ ಕಾರಿಗೂ ಹೊಸ ಟೈರ್ ಹಾಕುತ್ತಾರಾದ್ದರಿಂದ ಇದೊಂದನ್ನೇ ನಂಬಬಾರದು. ಫೈಬರ್ ಮೈಯಲ್ಲಿ ಬೋಲ್ಟಿನ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕುಗಳಿರಬಹುದು. ಮೀಟರುಗಳು, ಸ್ವಿಚ್ಚುಗಳು ಯಾವ ಕಾರಿನವು ಎಂದು ಗಮನಿಸಿ.

ನಂಬರ್ ಪ್ಲೇಟೂ ಒಂದು ಸುಳಿವು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಮಾಡದೆ ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ' ಎಂದಿರುತ್ತದೆ. ಮನೆಯಲ್ಲಿ ಕಟ್ಟಿದ ರೆಪ್ಲಿಕಾ ಈ ಚೌಕಟ್ಟಿನೊಳಗೆ ಬರುವುದಿಲ್ಲ.

ಅಂದಹಾಗೆ, ವಿಂಟೇಜ್ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು 1930ರ ಕೊನೆಯೊಳಗೆ ತಯಾರಾದ ಕಾರನ್ನು ಮಾತ್ರ ಹಾಗೆ ಕರೆಯುತ್ತಾರೆ. ಆ ಲೆಕ್ಕದಲ್ಲಿ ಅಸಲಿ ಸೆವೆನ್ ಕೂಡ ವಿಂಟೇಜ್ ಅಲ್ಲ, ಕ್ಲಾಸಿಕ್.

ಎಷ್ಟು ಹೊತ್ತಿಗೆ ಹೋಗಬೇಕು?

ಕಾರುಗಳು ಬರುವುದಕ್ಕೆ ಮೊದಲೇ. ಪ್ರದರ್ಶನ ಹತ್ತಕ್ಕೆ ಎಂದು ಪೋಸ್ಟರಿನಲ್ಲಿದ್ದರೆ ನಾನು ಏಳಕ್ಕೆ ಮೈದಾನದಲ್ಲಿರುತ್ತೇನೆ. ಡಿಸೆಂಬರ್ ನಡುವೆ ಮಡಿಕೇರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.40ಕ್ಕೆ. ಗುಡ್ಡ, ಮರ ದಾಟಿ ಬಿಸಿಲು ನೆಲಕ್ಕೆ ಬೀಳಲು ಇನ್ನೂ ಹೊತ್ತು ಬೇಕು. ಆ ನಡುವಿನ ಬೆಳಕು, ಆಮೇಲೆ ಬರುವ ಓರೆ ಬಿಸಿಲು, ಇವೆರಡಕ್ಕೆ ಸಾಟಿ ಇಲ್ಲ.

ರೆಪ್ಲಿಕಾ ಹೆಚ್ಚಾಗಿ ಪಿಕಪ್ಪಿನ ಮೇಲೋ ಟ್ರಕ್ಕಿನ ಮೇಲೋ ಬರುತ್ತದೆ. ಹಲಗೆ ಇಟ್ಟು, ನಾಲ್ಕು ಜನ ಹಿಡಿದು, "ಬಾ ಬಾ, ಎಡಕ್ಕೆ ಸ್ವಲ್ಪ" ಎನ್ನುತ್ತಾ ಇಳಿಸುವ ದೃಶ್ಯ ಸಿಗುವುದು ಬೆಳಗ್ಗೆ ಮಾತ್ರ. ನನ್ನ ಮೆಚ್ಚಿನ ಫೋಟೊಗಳಲ್ಲಿ ಅರ್ಧದಷ್ಟು ಹೀಗೆ ಇಳಿಸುವಾಗಿನವೇ.

ಚಳಿಗಾಲದ ಇನ್ನೊಂದು ಅನುಕೂಲವೆಂದರೆ, ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ಸರಿದು ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಕಾರಿನ ದಕ್ಷಿಣದ ಪಕ್ಕಕ್ಕೆ ಆಗಲೂ ಬೆಳಕು ಇರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಾದರೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಮಡ್‌ಗಾರ್ಡಿನ ಕೆಳಗೆಲ್ಲ ಕಪ್ಪು ಗುಹೆ. ಆಗ ಹನ್ನೊಂದರಿಂದ ಮೂರರವರೆಗೆ ಕ್ಲೋಸಪ್ ಬಿಟ್ಟು ಬೇರೇನೂ ತೆಗೆಯಬೇಡಿ.

ಮಂಜು ಬಂದರೆ ಏನು ಮಾಡುವುದು?

ಖುಷಿಪಡುವುದು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ದೊಡ್ಡ ಬಿಳಿ ಬಟ್ಟೆ ಕಟ್ಟಿ ಲೈಟು ಬಿಟ್ಟು ಸಾಧಿಸುವ ಮೆದು ಬೆಳಕನ್ನು ನಮ್ಮ ಊರು ಪುಕ್ಕಟೆ ಕೊಡುತ್ತದೆ. ಹಿಂದಿರುವ ಫ್ಲೆಕ್ಸ್ ಬೋರ್ಡು, ಕರೆಂಟು ಕಂಬ, ಐಸ್‌ಕ್ರೀಮ್ ಗಾಡಿ ಎಲ್ಲ ಮಾಯವಾಗಿ ಕಾರೊಂದೇ ಉಳಿಯುತ್ತದೆ.

ಕ್ಯಾಮೆರಾ ಮಾತ್ರ ಮಂಜಿಗೆ ಮೋಸಹೋಗುತ್ತದೆ. ಎದುರಿಗೆಲ್ಲ ಬಿಳಿ ಕಂಡದ್ದರಿಂದ ಬೆಳಕು ಹೆಚ್ಚಾಯಿತೆಂದುಕೊಂಡು ಫೋಟೊವನ್ನು ಮಂಕಾಗಿಸುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಫೋಟೊ ಎಷ್ಟು ಬೆಳಗಬೇಕೆಂಬ ಹೊಂದಿಕೆಯನ್ನು, +0.7ರಿಂದ +1ರವರೆಗೆ ಏರಿಸಿ. ಆಟೊಫೋಕಸ್ ಒದ್ದಾಡಿದರೆ ಹೆಡ್‌ಲೈಟಿನ ಅಂಚಿನಂಥ ಗಟ್ಟಿ ಗೆರೆಯ ಮೇಲೆ ಫೋಕಸ್ ಇಡಿ. ದೂರ ನಿಂತರೆ ಕಾರೂ ಮಂಜಿನಲ್ಲಿ ಕರಗುತ್ತದೆ, ಹಾಗಾಗಿ ಹತ್ತಿರ ಹೋಗಿ.

ಮಾಲೀಕರು ಇಬ್ಬನಿ ಒರೆಸುವ ಮೊದಲು ಬಾನೆಟ್ಟಿನ ಒಂದು ಕ್ಲೋಸಪ್ ತೆಗೆದಿಟ್ಟುಕೊಳ್ಳಿ. ಆ ಹನಿಗಳನ್ನು ಸ್ಪ್ರೇ ಬಾಟಲಿಯಿಂದ ತರಲಾಗುವುದಿಲ್ಲ.

ಬಾನೆಟ್ಟಿನಲ್ಲಿ ಇಡೀ ಮೈದಾನವೇ ಕಾಣುತ್ತದೆ. ಪೋಲರೈಸರ್ ಹಾಕಿದರೂ ಹೋಗುತ್ತಿಲ್ಲ. ಯಾಕೆ?

ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದೇ.

ಪೋಲರೈಸರ್ ಫಿಲ್ಟರ್ ಪೇಂಟ್, ಗಾಜು, ನೀರು, ಎಲೆಗಳ ಮೇಲಿನ ಪ್ರತಿಫಲನವನ್ನು ತಗ್ಗಿಸುತ್ತದೆ. ಬರೀ ಲೋಹದ ಮೇಲಿನ ಪ್ರತಿಫಲನಕ್ಕೆ ಅದರ ಆಟ ನಡೆಯುವುದಿಲ್ಲ. ಪೇಂಟಿನ ಮೇಲಿನ ಹೊಳಪು ಪದರದಿಂದ ಓರೆಯಾಗಿ ಚಿಮ್ಮುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವಂತಾಗುತ್ತದೆ, ಫಿಲ್ಟರ್ ತಡೆಯುವುದು ಅದನ್ನೇ. ಲೋಹದಿಂದ ಚಿಮ್ಮುವ ಬೆಳಕು ಹಾಗೆ ಒಂದು ದಿಕ್ಕಿಗೆ ಕಟ್ಟುಬೀಳುವುದು ಬಹಳ ಕಡಿಮೆ.

ಸುಂಟಿಕೊಪ್ಪದ ಕಾರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೂಗು ಮತ್ತು ಮಡ್‌ಗಾರ್ಡು ಹಸಿರು ಪೇಂಟಿನ ಫೈಬರ್, ಬಾನೆಟ್ಟು ಪಾಲಿಶ್ ಮಾಡಿದ ಬರೀ ಅಲ್ಯೂಮಿನಿಯಂ. ಫಿಲ್ಟರ್ ತಿರುಗಿಸುತ್ತಾ ಹೋದರೆ ಮೂಗಿನ ಮೇಲಿನ ಬಿಳಿ ಹೊಳಪು ಇಳಿದು ಬಾಳೆ ಎಲೆಯ ಬೆನ್ನಿನಂಥ ಹಸಿರು ಎದ್ದು ಬರುತ್ತದೆ. ಅದಕ್ಕೆ ಅಂಟಿಕೊಂಡೇ ಇರುವ ಬಾನೆಟ್ಟಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಸಾಲು ಇದ್ದ ಹಾಗೇ ಇರುತ್ತದೆ.

ಆದ್ದರಿಂದ ಪೇಂಟಿಗೆ ಫಿಲ್ಟರ್, ಲೋಹಕ್ಕೆ ಕಾಲು. ಅಂದರೆ ನೀವೇ ಜಾಗ ಬದಲಿಸಬೇಕು. ಎರಡು ಹೆಜ್ಜೆ ಎಡಕ್ಕೆ ಹೋದರೆ ಕುರ್ಚಿ ಹೋಗಿ ಸಿಲ್ವರ್ ಓಕ್ ಮರಗಳು ಬರಬಹುದು. ಮರಗಳು ಬಂದರೆ ಬಿಡಿ, ಉದ್ದನೆಯ ಬಾನೆಟ್ಟಿಗೆ ಉದ್ದನೆಯ ಮರಗಳು ಚೆನ್ನಾಗಿ ಒಪ್ಪುತ್ತವೆ. ಕಪ್ಪು ಬಟ್ಟೆಯೊಂದನ್ನು ಬ್ಯಾಗಿನಲ್ಲಿಟ್ಟುಕೊಂಡಿರಿ. ಗೆಳೆಯರೊಬ್ಬರು ಅದನ್ನು ಫ್ರೇಮಿನ ಹೊರಗೆ ಅಗಲಿಸಿ ಹಿಡಿದರೆ ಬೇಡದ ಬಣ್ಣಗಳು ಮುಚ್ಚಿಹೋಗುತ್ತವೆ. ನೀವು ತೊಟ್ಟ ಅಂಗಿಯೂ ಕಾರಿನಲ್ಲಿ ಕಾಣುತ್ತದೆ, ಆದ್ದರಿಂದ ಬೂದು ಅಥವಾ ಕಪ್ಪು ಅಂಗಿಯೇ ಒಳ್ಳೆಯದು.

ಪೋಲರೈಸರ್ ಚೆನ್ನಾಗಿ ಕೆಲಸ ಮಾಡುವುದು ಮೇಲ್ಮೈಯನ್ನು ಸುಮಾರು 35 ಡಿಗ್ರಿ ಓರೆಯಲ್ಲಿ ನೋಡಿದಾಗ. ಬೆಳಕಿನಲ್ಲಿ ಒಂದೂವರೆಯಿಂದ ಎರಡು ಸ್ಟಾಪ್ ಅದು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಶಟರ್ ನಿಧಾನವಾದದ್ದು ಗಮನದಲ್ಲಿರಲಿ. ಪೂರ್ತಿ ಹೊಳಪು ತೆಗೆಯಲೂ ಹೋಗಬೇಡಿ. ಹೊಳಪಿಲ್ಲದ ಕಾರು ಮಣ್ಣಿನ ಬೊಂಬೆಯ ಹಾಗೆ ಕಾಣುತ್ತದೆ, ಮೈಯ ತಿರುವು ಗೊತ್ತಾಗುವುದೇ ಹೊಳಪಿನ ಗೆರೆಯಿಂದ.

ಮೊಬೈಲ್ ಸಾಕಾಗುತ್ತದಾ? ಯಾವ ಲೆನ್ಸ್ ಒಳ್ಳೆಯದು?

ಮೊಬೈಲ್ ಧಾರಾಳ ಸಾಕು. ಆದರೆ ಅದರ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ನಿಂತು ತೆಗೆದರೆ ಕಾರಿನ ಮೂಗು ಉಬ್ಬಿ ಹಿಂಭಾಗ ಕುಗ್ಗುತ್ತದೆ. ಸೆವೆನ್‌ನಂಥ ಉದ್ದ ಮೂಗಿನ ಕಾರಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2ಎಕ್ಸ್ ಅಥವಾ 3ಎಕ್ಸ್ ಒತ್ತಿ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಕ್ಯಾಮೆರಾ ಇದ್ದವರು ಪೂರ್ತಿ ಕಾರಿಗೆ 85ರಿಂದ 135 ಮಿಲಿಮೀಟರ್ ಬಳಸಿ, ಜಾಗ ಇಲ್ಲದಿದ್ದರೆ 50. ಕಾರು ಕಟ್ಟಿದವರು ಅಳತೆಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ, ನಮ್ಮ ಲೆನ್ಸು ಆ ಅಳತೆ ಕೆಡಿಸಬಾರದು.

ಎತ್ತರದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಸೆವೆನ್ ಮಾದರಿಯ ಕಾರು ನಿಮ್ಮ ಸೊಂಟಕ್ಕಿಂತ ಎತ್ತರ ಬರುವುದಿಲ್ಲ. ನಿಂತು ತೆಗೆದರೆ ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಮಂಡಿಯೂರಿ, ಹೆಡ್‌ಲೈಟಿನ ಮಟ್ಟಕ್ಕೆ ಇಳಿಯಿರಿ. ನೆಲ ಒದ್ದೆ ಇರುತ್ತದೆ, ಕೂರಲು ಒಂದು ಗೋಣಿಚೀಲ ಒಯ್ಯಿರಿ.

ಬಿಳಿ ಅಥವಾ ಕಪ್ಪು ಕಾರಾದರೆ?

ಬಿಳಿಗೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ, ಕಪ್ಪಿಗೆ ಸ್ವಲ್ಪ ಇಳಿಸಿ. ಮೊಬೈಲಿನಲ್ಲಿ ಕಾರಿನ ಮೇಲೆ ಬೆರಳು ಒತ್ತಿಹಿಡಿದು, ಪಕ್ಕದಲ್ಲಿ ಮೂಡುವ ಸೂರ್ಯನ ಚಿಹ್ನೆಯನ್ನು ಮೇಲೆ ಕೆಳಗೆ ಎಳೆದರಾಯಿತು.

ಜನ ಅಡ್ಡ ಬರುತ್ತಲೇ ಇರುತ್ತಾರೆ. ಏನು ಮಾಡಲಿ?

ಕಾಯಿರಿ. ಮಧ್ಯಾಹ್ನ ಒಂದರ ಹೊತ್ತಿಗೆ ಊಟದ ಕೌಂಟರಿನಿಂದ ಪಂದಿಕರಿಯ ಪರಿಮಳ ಎದ್ದಾಗ ಮೈದಾನ ತಾನಾಗಿ ಖಾಲಿಯಾಗುತ್ತದೆ. ಇಲ್ಲವೇ ಜನರನ್ನು ಸೇರಿಸಿಕೊಳ್ಳಿ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ ಚೇಲೆ ತೊಟ್ಟು, ಸೊಂಟದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಮನೆಯಿಂದ ನೇರ ಬಂದಿದ್ದ ಹಿರಿಯರೊಬ್ಬರು ಬಗ್ಗಿ ಆ ಹಸಿರು ಕಾರಿನೊಳಗೆ ಇಣುಕಿದ್ದರು. ಅನುಮತಿ ಕೇಳಿದೆ, ನಕ್ಕು ತಲೆಯಾಡಿಸಿದರು. ಆ ಫೋಟೊ ಕೊಡಗಿನಲ್ಲಿ ಬಿಟ್ಟು ಬೇರೆಲ್ಲೂ ಸಿಗುತ್ತಿರಲಿಲ್ಲ. ಮಕ್ಕಳ ಫೋಟೊಗೆ ಮಾತ್ರ ತಂದೆ ತಾಯಿಯನ್ನು ಕೇಳದೆ ಮುಂದುವರಿಯಬೇಡಿ.

ಮಾಲೀಕರನ್ನು ಹೇಗೆ ಮಾತಾಡಿಸುವುದು?

ಕ್ಯಾಮೆರಾ ಬ್ಯಾಗಿನೊಳಗೇ ಇರಲಿ. ಮೊದಲು ಕಾರಿನ ಸುತ್ತ ಒಂದು ಸುತ್ತು ಬನ್ನಿ, ಆಮೇಲೆ ಮಾತು. "ಇದು ಒರಿಜಿನಲ್ಲಾ?" ಎಂದು ಶುರು ಮಾಡಿದರೆ ಅವರ ಮುಖ ಅರ್ಧ ಬಾಡಿಹೋಗುತ್ತದೆ. ಆ ಪ್ರಶ್ನೆಯನ್ನು ಅವರು ಬೆಳಗ್ಗಿನಿಂದ ನೂರು ಸಲ ಕೇಳಿರುತ್ತಾರೆ. ನಾನು ಕೇಳಿದ್ದು, "ಸರ್, ಚಾಸಿ ವೆಲ್ಡಿಂಗ್ ನೀವೇ ಮಾಡಿದ್ದಾ?"

"ಇಲ್ಲಪ್ಪ, ಮೊದಲ ಚಾಸಿ ನಾನು ಮಾಡಿದೆ. ವಾರೆಯಾಯ್ತು. ಕುಶಾಲನಗರದ ಮೇಸ್ತ್ರಿ ನೋಡಿ, ಇದನ್ನು ಕೋಳಿಗೂಡಿಗೆ ಕೊಡಿ ಅಂದ್ರು. ಎರಡನೇದು ಅವರ ಜೊತೆ ಕೂತು ಕಲಿತುಕೊಂಡು ಮಾಡಿದ್ದು." ಅಷ್ಟು ಹೇಳಿ ಅವರೇ ಬಾನೆಟ್ಟಿನ ಕ್ಲಿಪ್ಪು ತೆಗೆದರು. ಅರ್ಧ ಗಂಟೆ ಎಂಜಿನ್ ಪಕ್ಕ ನಿಂತೆವು. ಮೊದಲ ಚಾಸಿ ಈಗಲೂ ಶೆಡ್ಡಿನ ಹಿಂದೆ ಇದೆಯಂತೆ.

ಕಾರಿಗೆ ಒರಗಬೇಡಿ, ಬ್ಯಾಗನ್ನು ಮಡ್‌ಗಾರ್ಡಿನ ಮೇಲೆ ಇಡಬೇಡಿ. ನನ್ನ ಬ್ಯಾಗಿನ ಜಿಪ್ಪು ಒಮ್ಮೆ ಒಂದು ಕಾರಿನ ಬಾಗಿಲಿಗೆ ಕೂದಲೆಳೆಯಷ್ಟು ಗೀರು ಹಾಕಿತು. ಮಾಲೀಕರು "ಪಾಲಿಶ್‌ನಲ್ಲಿ ಹೋಗುತ್ತೆ ಬಿಡಿ" ಎಂದರು. ಇಡೀ ದಿನ ನನಗೆ ಸಮಾಧಾನವಿರಲಿಲ್ಲ. ಅಂದಿನಿಂದ ಬೆಲ್ಟಿನ ಬಕಲ್ ಕೂಡ ಅಂಗಿಯ ಕೆಳಗೆ ಮುಚ್ಚಿಕೊಳ್ಳುತ್ತೇನೆ.

ಕ್ಲೋಸಪ್ಪಿಗೆ ಏನೇನು ಹುಡುಕಬೇಕು?

ಕೈಗುರುತು. ಅಸಲಿ ಕಾರಿನಲ್ಲಿ ಎಲ್ಲರೂ ಬ್ಯಾಡ್ಜ್ ತೆಗೆಯುತ್ತಾರೆ. ರೆಪ್ಲಿಕಾದಲ್ಲಿ ಬ್ಯಾಡ್ಜ್ ಬಿಟ್ಟು ಉಳಿದದ್ದೆಲ್ಲ ಕಥೆ ಹೇಳುತ್ತದೆ.

ಹಸಿರು ಕಾರಿನ ಪಕ್ಕದ ತಗಡನ್ನು ಕೊಳವೆ ಚೌಕಟ್ಟಿಗೆ ರಿವೆಟ್ ಹೊಡೆದು ಕೂರಿಸಿದ್ದಾರೆ. ಬಗ್ಗಿ ನೋಡಿದರೆ ಸಾಲು ನೂಲು ಹಿಡಿದಂತಿದೆ, ಹಿಂದಿನ ಚಕ್ರದ ಹತ್ತಿರ ಮಾತ್ರ ಒಂದು ರಿವೆಟ್ ಎರಡು ಮಿಲಿಮೀಟರ್ ಕೆಳಗೆ ಕೂತಿದೆ. ಅದರ ಸುತ್ತ ಅರದಿಂದ ಉಜ್ಜಿದ ಗುರುತು ಬೆಳ್ಳಿ ಕೂದಲಿನಂತೆ ಹರಡಿದೆ. ಅದು ಅವರು ಹೊಡೆದ ಮೊಟ್ಟಮೊದಲ ರಿವೆಟ್. ತೆಗೆದು ಮತ್ತೆ ಹೊಡೆಯಬಹುದಿತ್ತು, ಹಾಗೇ ಉಳಿಸಿಕೊಂಡಿದ್ದಾರೆ.

ಡ್ಯಾಶ್‌ಬೋರ್ಡು ಹಲಸಿನ ಮರದ್ದು. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಅವರ ಮನೆಯ ಹಿಂದಿನ ಹಲಸಿನ ಮರವೂ ಉರುಳಿತ್ತು. ಕೊಯ್ದಾಗ ಅರಿಶಿನದ ಬಣ್ಣವಿದ್ದ ಹಲಗೆ ಈಗ ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ದುಂಡಗೆ ಕೊರೆದು ಕೂರಿಸಿದ್ದು ಜಿಪ್ಸಿಯ ಮೀಟರು. ಈ ಒಂದು ಫ್ರೇಮಿನಲ್ಲಿ ಲಂಡನ್ನಿನ ನಕ್ಷೆ, ಗುರುಗ್ರಾಮದ ಮೀಟರು, ಸುಂಟಿಕೊಪ್ಪದ ಮರ ಮೂರೂ ಇವೆ. ಯಾವ ಅಸಲಿ ಸೆವೆನ್‌ನಲ್ಲೂ ಈ ಫೋಟೊ ಸಿಗುವುದಿಲ್ಲ.

ತೆಗೆಯುವ ಕ್ರಮ: ಬೆಳಕು ಒಂದು ಪಕ್ಕದಿಂದ ಸವರಿ ಬರುವಂತೆ ನಿಲ್ಲಿ, ಆಗ ರಿವೆಟಿನ ತಲೆಗೂ ನೆರಳು ಬೀಳುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ, ಎಫ್/8 ಆಸುಪಾಸು ಇಡಿ. ಹಿನ್ನೆಲೆ ಮಸುಕಾಗಲೆಂದು ಎಫ್/1.8ಕ್ಕೆ ಹೋದರೆ ಒಂದೇ ರಿವೆಟ್ ಚೂಪಾಗಿ ಉಳಿದವೆಲ್ಲ ಕರಗುತ್ತವೆ, ಸಾಲಿನ ಅಂದವೇ ಹೋಗುತ್ತದೆ.

ಪೆಂಡಾಲಿನೊಳಗೆ ತೆಗೆದರೆ ಫೋಟೊದಲ್ಲಿ ಪಟ್ಟೆ ಪಟ್ಟೆ ಬರುತ್ತದೆ.

ಎಲ್‌ಇಡಿ ಲೈಟಿನ ಮಿಣುಕು ಅದು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ನೀಲಿ ಟಾರ್ಪಾಲಿನ ಕೆಳಗೆ ನಿಂತ ಕಾರಿನ ಬಣ್ಣ ಮಾತ್ರ ಸರಿಬರುವುದಿಲ್ಲ. ಎರಡು ಅಡಿ ಹೊರಗೆ ತಳ್ಳಬಹುದೇ ಎಂದು ಮಾಲೀಕರನ್ನೇ ಕೇಳಿ. ಇಷ್ಟು ಹಗುರದ ಕಾರು, ಇಬ್ಬರಿದ್ದರೆ ಸಾಕು.

ಓಡುವ ಕಾರನ್ನು ತೆಗೆಯುವುದು ಹೇಗೆ?

ಮೈದಾನದೊಳಗೆ ಒಂದು ಸುತ್ತು ಬಿಟ್ಟರೆ ಅದೇ ಅವಕಾಶ. ಗಂಟೆಗೆ 20–30 ಕಿಲೋಮೀಟರ್ ವೇಗಕ್ಕೆ ಶಟರ್ 1/30ರ ಸುತ್ತ ಇಡಿ, ಕಾಲು ಊರಿ ಸೊಂಟದಿಂದ ಮೇಲೆ ತಿರುಗುತ್ತಾ ಕಾರನ್ನು ಹಿಂಬಾಲಿಸಿ, ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಹತ್ತರಲ್ಲಿ ಒಂದು ಬರುತ್ತದೆ. ಹಗ್ಗ ಕಟ್ಟಿದ ಗೆರೆಯ ಈಚೆಗೇ ಇರಿ. ಬಾಗಿಲಿಲ್ಲದ ಈ ಕಾರಿನಲ್ಲಿ ಡ್ರೈವರಿನ ಮೊಣಕೈ ಹೊರಗೇ ಇರುತ್ತದೆ, ನಿಮ್ಮನ್ನು ತಪ್ಪಿಸಲು ಹೋಗಿ ಅವರಿಗೆ ಪೆಟ್ಟಾಗಬಾರದು.

ಡ್ರೋನ್ ಹಾರಿಸಬಹುದಾ?

ಜನರ ತಲೆಯ ಮೇಲೆ ಬೇಡ. ಪಕ್ಕದ ಕಟ್ಟಡದ ಮಹಡಿ ಸಾಕು.

ಕಾರನ್ನು ರಸ್ತೆಗೋ ತೋಟಕ್ಕೋ ತರಿಸಿ ತೆಗೆಯಬಹುದೇ?

ರಸ್ತೆಗೆ ತರಲು ಒತ್ತಾಯಿಸಬೇಡಿ. ಕಂಪನಿ ತಯಾರಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಮನೆಯಲ್ಲಿ ಕಟ್ಟಿದ ಕಾರಿಗೆ ನೋಂದಣಿ ಪಡೆಯುವುದು ಸುಲಭವಲ್ಲ. ನಿಮ್ಮ ಒಂದು ಫೋಟೊಗಾಗಿ ಅವರು ದಂಡ ಕಟ್ಟುವಂತಾಗಬಾರದು. ನಂಬರ್ ಪ್ಲೇಟ್ ಮಸುಕು ಮಾಡಿ ಎಂದು ಯಾರಾದರೂ ಕೇಳಿದರೆ ಎರಡನೇ ಮಾತಿಲ್ಲದೆ ಮಾಡಿಕೊಡಿ.

ಸ್ವಂತ ತೋಟದೊಳಗಾದರೆ ಆ ತೊಡಕಿಲ್ಲ. ಕಾಫಿ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ: ಸಮತಟ್ಟು, ಒಂದೇ ಬಣ್ಣ, ಸುತ್ತ ತೆರೆದ ಆಕಾಶ. ಆದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲಿನ ಕಾಫಿ ಅಲ್ಲಿ ಒಣಗುತ್ತಿರುತ್ತದೆ, ಹಾಗಾಗಿ ಅದಾದ ಮೇಲೆ ಕೇಳಿ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಗಿಡವೆಲ್ಲ ಬಿಳಿಯಾದಾಗ ಹಿನ್ನೆಲೆಗೆ ಬೇರೇನೂ ಬೇಡ. ಮರಗಳ ನೆರಳಿನೊಳಗೆ ತೆಗೆಯುವಾಗ ಎಲೆಗಳ ಹಸಿರು ಕಾರಿಗೂ, ನಿಂತವರ ಮುಖಕ್ಕೂ ಹತ್ತುತ್ತದೆ. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕೈಯಾರೆ ಇಡಿ, ಸಾಧ್ಯವಾದರೆ ಆಮೇಲೆ ಬಣ್ಣ ತಿದ್ದಲು ಸುಲಭವಾಗುವ ರಾ ಫೈಲ್ ತೆಗೆಯಿರಿ.

ಕೊಡಗಿನ ತೇವಕ್ಕೆ ಲೆನ್ಸ್ ಹಾಳಾಗುತ್ತಿದೆ. ಉಪಾಯ ಇದೆಯಾ?

ತಣ್ಣಗಿನ ಲೆನ್ಸ್ ಬೆಚ್ಚಗಿನ ತೇವದ ಗಾಳಿಗೆ ಬಂದರೆ ಮಸುಕಾಗುತ್ತದೆ. ಬೆಳಗಿನ ಚಳಿಯಿಂದ ಬಂದು ಒಲೆ ಉರಿಯುತ್ತಿರುವ ಮನೆಯೊಳಗೆ ಹೋಗುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಬಿಡಿ. ತೇವ ಕವರಿನ ಹೊರಗೆ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸುಗಳನ್ನು ಬೀರುವಿನಲ್ಲಿ ಇಡಲೇಬೇಡಿ, ಫಂಗಸ್ ಹಿಡಿದರೆ ಗಾಜಿನೊಳಗೆ ಬೇರುಬಿಟ್ಟಂತೆ ಹರಡುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರು ಇಷ್ಟಿದ್ದು, ಒಳಗೆ 40–50 ಶೇಕಡ ಇದ್ದರೆ ನಿಶ್ಚಿಂತೆ.

ಹಳೆ ಕಾಲದ ಫೋಟೊದಂತೆ ಕಾಣಲು ಕಂದು ಬಣ್ಣ, ಗೀರು ಸೇರಿಸಬಹುದೇ?

ನಾನು ಸೇರಿಸುವುದಿಲ್ಲ. ಕಪ್ಪುಬಿಳುಪು ಸರಿ, ಅದು ಬೆಳಕನ್ನು ತೋರಿಸುವ ಒಂದು ಬಗೆ. 1960ರಲ್ಲಿ ತೆಗೆದಂತೆ ಕಾಣಲಿ ಎಂದು ಗೀರು ಹಾಕುವುದು ಬೇರೆ ಮಾತು. ಮೊನ್ನೆ ಮೊನ್ನೆ ಕಟ್ಟಿ ಮುಗಿಸಿದ ಕಾರಿಗೆ ಸುಳ್ಳು ವಯಸ್ಸು ಹೊರಿಸಿದಂತಾಗುತ್ತದೆ.

ಫೋಟೊದ ಕೆಳಗೆ ಏನು ಬರೆಯಬೇಕು?

ರೆಪ್ಲಿಕಾ ಎಂಬ ಪದ ಮೊದಲ ಸಾಲಿನಲ್ಲೇ ಇರಬೇಕು. ಇದನ್ನು ನಾನು ತಪ್ಪು ಮಾಡಿ ಕಲಿತೆ. ಹಸಿರು ಕಾರಿನ ಮೊದಲ ಫೋಟೊವನ್ನು ಹಾಕಿದಾಗ "ಕೊಡಗಿನ ಮಂಜಿನಲ್ಲಿ ಲೋಟಸ್ ಸೆವೆನ್" ಎಂದಷ್ಟೇ ಬರೆದಿದ್ದೆ. ಚೆನ್ನಾಗಿ ಕೇಳುತ್ತದೆ ಎನಿಸಿತ್ತು. ಸಾವಿರಾರು ಜನ ನೋಡಿದರು, ಲಂಡನ್ನಿನಿಂದ ಎಷ್ಟು ಕೊಟ್ಟು ತರಿಸಿದರು, ಕಸ್ಟಮ್ಸ್ ಎಷ್ಟಾಯಿತು ಎಂದು ಚರ್ಚೆ ನಡೆಯಿತು. ಎರಡು ದಿನ ಬಿಟ್ಟು ಮಾಲೀಕರು ಫೋನ್ ಮಾಡಿದರು. ಕೋಪ ಇರಲಿಲ್ಲ, ದನಿ ಮಾತ್ರ ಚಿಕ್ಕದಾಗಿತ್ತು. "ಆರು ವರ್ಷ ಮಾಡಿದ್ದು ನಾನಪ್ಪ. ದುಡ್ಡು ಕೊಟ್ಟು ತರಿಸಿದ್ದು ಅಂತ ಆಗೋಯ್ತಲ್ಲ." ಅವತ್ತೇ ತಿದ್ದಿದೆ, ಆದರೆ ಹಂಚಿಹೋದದ್ದು ಹಿಂದೆ ಬರಲಿಲ್ಲ.

ಈಗ ಅದರ ಕೆಳಗೆ ಇರುವುದು ಹೀಗೆ: "ಲೋಟಸ್ ಸೆವೆನ್ ಮಾದರಿಯ ರೆಪ್ಲಿಕಾ. ಚಾಸಿ, ಮೈ, ಡ್ಯಾಶ್‌ಬೋರ್ಡ್ ಮಾಲೀಕರದೇ ಕೈಕೆಲಸ. ಮಾರುತಿ ಜಿಪ್ಸಿ ಎಂಜಿನ್. ಸುಂಟಿಕೊಪ್ಪ, ಕೊಡಗು." ಹೆಸರು ಹಾಕಬೇಕೋ ಬೇಡವೋ ಎಂಬುದು ಅವರ ಇಷ್ಟ. ಇವರು ಬೇಡ ಎಂದರು, ಕುಶಾಲನಗರದ ಮೇಸ್ತ್ರಿಯನ್ನು ಮರೆಯಬೇಡಿ ಎಂದರು. ಹಾಗಾಗಿ "ವೆಲ್ಡಿಂಗ್ ಕಲಿಸಿದವರು ಕುಶಾಲನಗರದ ಗ್ಯಾರೇಜ್ ಮೇಸ್ತ್ರಿ" ಎಂಬ ಸಾಲೂ ಸೇರಿದೆ.

ಮಾಲೀಕರಿಗೆ ಫೋಟೊ ಕಳಿಸಬೇಕಾ?

ಖಂಡಿತ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಣ್ಣದಾಗಿ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಸಾಧ್ಯವಿದ್ದರೆ ಒಂದು ಪ್ರಿಂಟ್ ಹಾಕಿಸಿ ಕೊಡಿ. ನಾನು ಇವರಿಗೆ 12×18 ಇಂಚಿನ ಎರಡು ಪ್ರಿಂಟ್ ಒಯ್ದಿದ್ದೆ, ಒಂದು ಮಂಜಿನೊಳಗಿನ ಪೂರ್ತಿ ಕಾರು, ಇನ್ನೊಂದು ಆ ಓರೆ ರಿವೆಟ್. ಮಂಜಿನದು ಮನೆಯ ಜಗಲಿಗೆ ಹೋಯಿತು. ರಿವೆಟಿನದನ್ನು ಶೆಡ್ಡಿನಲ್ಲಿ, ಸ್ಪ್ಯಾನರುಗಳು ತೂಗುವ ಹಲಗೆಯ ಪಕ್ಕ ಮೊಳೆ ಹೊಡೆದು ಹಾಕಿದ್ದಾರೆ.